ತಟ್ಟೆ ತೊಳೆದಿದೆಯೇ ಎಂದು ಯಾರೂ ಕೇಳಲಿಲ್ಲ

ನನಗೆ ಮೂವತ್ತಮೂರು ವರ್ಷ. ನಾನು ನಿವೃತ್ತ. ನಗುವುದಿದ್ದರೆ ಈಗಲೇ ನಕ್ಕು ಮುಗಿಸಿ. ಎಂಟು ವರ್ಷ ಮುಳ್ಳೂರಿನಲ್ಲಿ ರೇಷ್ಮೆ ಚಾಕಿ ಕೇಂದ್ರವೊಂದರ ಮೂವರು ಪಾಲುದಾರರಲ್ಲಿ ಒಬ್ಬನಾಗಿದ್ದೆ. ಹುಳುವಿಗೆ ಎರಚುವ ಸುಣ್ಣದ ಧೂಳು ಎದೆಗೆ ಒಗ್ಗದೆ ಉಬ್ಬಸ ಶುರುವಾಯಿತು. ಕೊಳ್ಳೇಗಾಲದ ಡಾಕ್ಟರು ನನ್ನ ಬೆನ್ನಿಗೆ ಸ್ಟೆತಾಸ್ಕೋಪು ಒತ್ತಿ, "ಹುಳ ಬೇಕೋ ಉಸಿರು ಬೇಕೋ ನೀವೇ ತೀರ್ಮಾನ ಮಾಡಿ" ಎಂದರು. ನನ್ನ ಜೀವನದಲ್ಲಿ ವಾದವಿಲ್ಲದೆ ಒಪ್ಪಿಕೊಂಡ ತೀರ್ಮಾನ ಅದೊಂದೇ.

ಈಗ ಈ ಕಸುಬಿಗೆ ಇಳಿಯುತ್ತಿರುವ ಹುಡುಗ ಹುಡುಗಿಯರು ಆಗಾಗ ಫೋನು ಮಾಡುತ್ತಾರೆ. ಯಾವ ಯಂತ್ರ ಕೊಳ್ಳಲಿ, ಶೆಡ್ಡು ಎಷ್ಟು ಅಗಲ ಇರಲಿ ಎಂದು ಕೇಳುತ್ತಾರೆ. ಅದನ್ನೆಲ್ಲ ಇಲಾಖೆಯವರು ಕೊಡುವ ಪುಸ್ತಿಕೆಯಲ್ಲಿ ಓದಿಕೊಳ್ಳಿ. ಅದರಲ್ಲಿ ಇಲ್ಲದ್ದು ಒಂದಿದೆ: ಪಾಲುದಾರರ ಜೊತೆ ಹೇಗೆ ಜಗಳವಾಡಬೇಕು, ಮುಖ್ಯವಾಗಿ ಹೇಗೆ ಆಡಬಾರದು ಎನ್ನುವುದು. ಅದಕ್ಕೇ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಕೆಲಸ ಏನೆಂದು ಹೇಳಿಬಿಡುತ್ತೇನೆ. ರೇಷ್ಮೆ ಹುಳು ಮೊಟ್ಟೆಯಿಂದ ಹೊರಬಂದಾಗ ಇರುವೆಗಿಂತ ಸಣ್ಣದು. ಮೊದಲ ಎಂಟು ದಿನ ಅದನ್ನು ಸಾಕುವುದೇ ಕಷ್ಟ. ಸೊಪ್ಪು ಎಳೆಯದಾಗಿರಬೇಕು, ಸಣ್ಣಗೆ ಹೆಚ್ಚಿರಬೇಕು, ಕೋಣೆಯ ಶಾಖ ಒಂದೇ ಸಮ ಇರಬೇಕು. ಆ ಎಂಟು ದಿನದ ಬಾಣಂತನವೇ ಚಾಕಿ, ಅದನ್ನು ರೈತರ ಪರವಾಗಿ ನಾವು ಮಾಡುತ್ತೇವೆ. ಹುಳು ಆಗಾಗ ತಿನ್ನುವುದು ಬಿಟ್ಟು ತಲೆಯೆತ್ತಿ ಅಲ್ಲಾಡದೆ ಕೂತು ಪೊರೆ ಕಳಚುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಎರಡನೇ ಜ್ವರಕ್ಕೆ ಕೂತ ಹುಳುವನ್ನು ಬಿಸಿಲೇರುವ ಮೊದಲು ರೈತರ ಮನೆಗೆ ತಲುಪಿಸಬೇಕು. ಆಮೇಲೆ ಗೂಡು ಕಟ್ಟುವ ತನಕ ಸಾಕುವುದು ಅವರ ಪಾಲು.

ಮೂವರಲ್ಲಿ ಹಿರಿಯರು ಮಲ್ಲಪ್ಪಣ್ಣ. ಜಮೀನು, ಹಿಪ್ಪುನೇರಳೆ ತೋಟ, ಶೆಡ್ಡು ಎಲ್ಲ ಅವರದೇ. ರತ್ನಕ್ಕ ಯಳಂದೂರಿನವರು, ಹದಿನೈದು ವರ್ಷ ಬೇರೆಯವರ ಹುಳುಮನೆಯಲ್ಲಿ ಕೂಲಿಗೆ ದುಡಿದು, ಕೊನೆಗೆ ತಾವೇ ಪಾಲು ಹಾಕಿ ಬಂದವರು. ನಾನು ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳಲ್ಲಿ ಕಪ್ಪು ಗೆದ್ದು ಗೆದ್ದು, ಎದುರಿಗಿರುವವರ ಮಾತಿನಲ್ಲಿ ಎಲ್ಲಿ ತೂತಿದೆ ಎಂದು ಹುಡುಕುವುದನ್ನೇ ಬುದ್ಧಿ ಎಂದುಕೊಂಡಿದ್ದವನು. ಮೂವರಿದ್ದರೆ ಯಾವ ವಿಷಯಕ್ಕೂ ಇಬ್ಬರು ಒಂದು ಕಡೆ ಬರುತ್ತಾರೆ, ತೀರ್ಮಾನ ಸುಲಭ ಎಂದು ನಂಬಿದ್ದೆ. ಮೂವರಿದ್ದರೆ ಮೂರು ಕಡೆ ಎನ್ನುವುದು ಮೊದಲ ತಿಂಗಳಲ್ಲೇ ಗೊತ್ತಾಯಿತು.

ಮಲ್ಲಪ್ಪಣ್ಣನದು ಅಂಗೈ ವಿಜ್ಞಾನ. ಹುಳುಮನೆಯ ಗೋಡೆಗೆ ಕೈಯ ಹಿಂಭಾಗ ಒತ್ತಿ, "ಶಾಖ ಸಾಲ್ದು, ಇದ್ಲು ಆಕ್ರಲಾ" ಎನ್ನುವರು. ನಾನು ಮೊಬೈಲಿನಲ್ಲಿ ಶಾಖ, ತೇವಾಂಶ ತೋರಿಸುವ ಸಣ್ಣ ಯಂತ್ರ ತಂದು ಗೋಡೆಗೆ ಅಂಟಿಸಿದೆ. ಅವರಿಗೆ ಅವಮಾನವಾಯಿತು.

"ನನ್ ಕೈಗೆ ಬ್ಯಾಟ್ರಿ ಬ್ಯಾಡ ಕಣ್ಲಾ."

"ನಿಮ್ಮ ಕೈ ಒಂದು ದಿನ ಬಿಸಿ ಇರುತ್ತೆ, ಒಂದು ದಿನ ತಣ್ಣಗಿರುತ್ತೆ. ಅಳತೆಗೋಲೇ ಬದಲಾದರೆ ಅಳತೆಗೆ ಅರ್ಥ ಏನಣ್ಣ?"

ನಾನು ಗೆದ್ದೆ. ಎರಡು ತಿಂಗಳು ಯಂತ್ರ ಚೆನ್ನಾಗಿಯೇ ನಡೆಯಿತು. ಆಮೇಲೊಂದು ದಿನ ಅದರ ಬ್ಯಾಟರಿ ಹೋಗಿ, ಹಿಂದಿನ ದಿನದ ಅಂಕಿಯನ್ನೇ ಮೊಬೈಲು ತೋರಿಸುತ್ತ ಕೂತಿತು. ಹೊರಗೆ ಚಳಿಗಾಳಿ ಬೀಸುತ್ತಿದ್ದರೂ ನನ್ನ ಕೈಯಲ್ಲಿ ಇಪ್ಪತ್ತೇಳು ಡಿಗ್ರಿ. ಮಲ್ಲಪ್ಪಣ್ಣ ಬಂದು ಗೋಡೆ ಮುಟ್ಟಿ ಬೈದರು. ನಾನು ಮೊಬೈಲು ತೋರಿಸಿ ವಾದಕ್ಕೆ ನಿಂತೆ. ರತ್ನಕ್ಕ ಇಬ್ಬರ ಮಾತನ್ನೂ ಕೇಳದೆ, ಮೂಲೆಯ ಮೊಳೆಗೆ ತೂಗುಹಾಕಿದ್ದ ಹಳೇ ಗಾಜಿನ ಥರ್ಮಾಮೀಟರು ನೋಡಿ, ಒಳಗೆ ಹೀಟರು ಹಾಕಿ ಬಂದರು. ಆ ಸಲ ಹುಳು ಎರಡು ದಿನ ತಡವಾಗಿ ಜ್ವರಕ್ಕೆ ಕೂತವು. ಹೆಚ್ಚೇನೂ ನಷ್ಟವಾಗಲಿಲ್ಲ. ಆಗಿದ್ದರೆ ಚೆನ್ನಾಗಿತ್ತೇನೋ, ಅವತ್ತೇ ಪಾಠ ಕಲಿಯುತ್ತಿದ್ದೆ.

ರತ್ನಕ್ಕನ ರೀತಿಯೇ ಬೇರೆ. ಒಮ್ಮೆ ದೊಡ್ಡ ಸಾಹೇಬರೊಬ್ಬರು ಜೀಪಿನಲ್ಲಿ ತಪಾಸಣೆಗೆ ಬಂದರು. ಮೈಮೇಲೆ ಸೆಂಟು ಘಮಘಮ. ಹುಳುಮನೆಗೆ ಸೆಂಟು, ಒಗ್ಗರಣೆ ಹೊಗೆ, ಅಗರಬತ್ತಿ ಯಾವುದೂ ಆಗದು. ನಾನು ಅವರಿಗೆ ಹೇಗೆ ನಯವಾಗಿ ಮನವರಿಕೆ ಮಾಡುವುದೆಂದು ಪೀಠಿಕೆ ಹೊಂದಿಸುತ್ತಿದ್ದೆ. ರತ್ನಕ್ಕ ಬಾಗಿಲಿಗೆ ಅಡ್ಡ ನಿಂತು, "ಸಾ, ನಿಮ್ಮನ್ನ ಕಿಟಕೀಲಿ ನಿಲ್ಲುಸ್ತೀನಿ, ಅಲ್ಲಿಂದ ಎಲ್ಲಾ ಕಾಣ್ತದೆ" ಎಂದರು. ಸಾಹೇಬರು ಕಿಟಕಿಯಲ್ಲಿ ನಿಂತು ನೋಡಿ ಹೋದರು. ನನ್ನ ಪೀಠಿಕೆ ಇನ್ನೂ ನನ್ನ ಹತ್ತಿರವೇ ಇದೆ, ಬೇಕಾದವರು ತೆಗೆದುಕೊಳ್ಳಬಹುದು.

ಇನ್ನು ತಟ್ಟೆಯ ವಿಷಯ. ಇದನ್ನು ಬರೆಯುವಾಗ ಇವತ್ತಿಗೂ ಹಲ್ಲು ಕಡಿಯುವಂತಾಗುತ್ತದೆ. ಯಾರ ಮೇಲೆ ಸಿಟ್ಟು ಎಂದು ಕೇಳಬೇಡಿ, ಪಾಳಿ ಹಾಕಿಕೊಂಡು ಎಲ್ಲರ ಮೇಲೂ ಬರುತ್ತದೆ.

ಆ ಸಲ ಹನೂರು ಕಡೆಯಿಂದ ಒಬ್ಬರು ಹೆಚ್ಚಿಗೆ ಹುಳು ಕೇಳಿದ್ದರು: ಮಾದೇವಮ್ಮ. ಹನೂರು ದಾಟಿ ಕಾಡಂಚಿನ ಊರು. ರಾಗಿ, ಜೋಳ ಬೆಳೆಯುತ್ತಿದ್ದ ಹೊಲದಲ್ಲಿ ಹಿಪ್ಪುನೇರಳೆ ಹಾಕಿ, ಹೊಸದಾಗಿ ಹುಳುಮನೆ ಕಟ್ಟಿಸಿದ್ದರು. ಗಂಡ ತಮಿಳುನಾಡಿನ ಕಡೆ ಲಾರಿ ಓಡಿಸುತ್ತಿದ್ದ. ಬೆಳೆಯೆಲ್ಲ ಈಕೆಯದೇ ಉಸ್ತುವಾರಿ. ಮೊದಲ ಬೆಳೆ. ಊರಿನಲ್ಲೂ ರೇಷ್ಮೆಗೆ ಇಳಿದವರಲ್ಲಿ ಇವರೇ ಮೊದಲು. "ಇದು ಕೈ ಅತ್ಲಿಲ್ಲ ಅಂದ್ರೆ ನಮ್ಮತ್ತೆ ಆ ಮನೇಲಿ ಮ್ಯಾಕೆ ಕಟ್ತಾಳೆ ಸಾ" ಎಂದು ನಗುತ್ತ ಹೇಳಿ ಹೋಗಿದ್ದರು.

ಹುಳು ಸಾಕಲು ನಮ್ಮಲ್ಲಿದ್ದ ಪ್ಲಾಸ್ಟಿಕ್ ತಟ್ಟೆಗಳು ಸಾಲಲಿಲ್ಲ. ಸತ್ತೇಗಾಲದ ಸಿದ್ದಣ್ಣನೂ ಚಾಕಿ ಕೇಂದ್ರ ನಡೆಸುತ್ತಿದ್ದ. ಅವನ ತಂದೆ ತೀರಿಕೊಂಡು ಆ ತಿಂಗಳು ಕೆಲಸ ನಿಲ್ಲಿಸಿದ್ದ. ಫೋನು ಮಾಡಿದೆ. ಪಾಪ, ಅಂಥ ಹೊತ್ತಿನಲ್ಲೂ ಇಲ್ಲ ಎನ್ನದೆ ಎಪ್ಪತ್ತು ತಟ್ಟೆ ನಮ್ಮ ಟೆಂಪೋದಲ್ಲಿ ಹೇರಿ ಕಳಿಸಿಕೊಟ್ಟ. ಮಾರನೇ ಬೆಳಿಗ್ಗೆ ಮೊಟ್ಟೆ ಒಡೆಯಬೇಕು. ರತ್ನಕ್ಕ ಅಣ್ಣನ ಮಗಳ ಸೀಮಂತಕ್ಕೆಂದು ಯಳಂದೂರಿಗೆ ಹೋಗಿದ್ದರು. ಇಳಿಹೊತ್ತಿನಲ್ಲಿ ತಟ್ಟೆ ಇಳಿಸುತ್ತಿದ್ದಾಗ ಮಲ್ಲಪ್ಪಣ್ಣ ಬಂದರು.

"ಎಲ್ಲೀವು ಇವು?"

"ಸಿದ್ದಣ್ಣನವು."

"ಅವರಪ್ಪ ಸತ್ತು ಇನ್ನೂ ವಾರ ಆಗಿಲ್ಲ. ಸೂತ್ಕದ ಮನೆ ತಟ್ಟೆ ಉಳಕ್ಕೆ ಆಗ್ದು. ವಾಪಸ್ ಕಳ್ಸು."

ಇಲ್ಲಿ ಸ್ವಲ್ಪ ನಿಲ್ಲಿ. ನನ್ನ ಜಾಗದಲ್ಲಿ ನೀವಿದ್ದರೆ ಏನು ಮಾಡುತ್ತಿದ್ದಿರಿ? ಚರ್ಚಾಸ್ಪರ್ಧೆಯ ಹುಡುಗನ ಮುಂದೆ ಇಂಥ ವಾಕ್ಯ ಇಟ್ಟರೆ ಹಸಿದವನ ಮುಂದೆ ಎಲೆ ಹಾಕಿದಂತೆ. ಹುಳುವಿಗೆ ಸಿದ್ದಣ್ಣನ ಅಪ್ಪ ಯಾರೆಂದು ಗೊತ್ತೇ ಎಂದೆ. ಪ್ಲಾಸ್ಟಿಕ್ಕಿಗೆ ಸೂತಕ ಹತ್ತುವುದಾದರೆ ಟೆಂಪೋಕ್ಕೂ ಹತ್ತಿರಬೇಕಲ್ಲ, ಅದರಲ್ಲೇ ನಾಳೆ ಸೊಪ್ಪು ತರುತ್ತೀರಲ್ಲ ಎಂದೆ. ಅವರು ತಮ್ಮ ದೊಡ್ಡಪ್ಪನ ಕಾಲದ ಉದಾಹರಣೆ ಕೊಟ್ಟರು, ನಾನು ಅದನ್ನು ಮುರಿದೆ. ಅತ್ತೆ ಮನೆಯ ಉದಾಹರಣೆ ಕೊಟ್ಟರು, ಅದನ್ನೂ ಮುರಿದೆ. ಕೊನೆಗೆ ಬಾಣ ಬಿಟ್ಟೆ: "ಅಣ್ಣ, ಲಿಂಗ ಕಟ್ಟಿದವರಿಗೆ ಸೂತಕವೇ ಇಲ್ಲ ಅಂತ ಮಠದಲ್ಲಿ ಹೇಳೋವಾಗ ಮೊದಲನೇ ಸಾಲಲ್ಲಿ ಕೂತು ತಲೆ ಆಡಿಸೋರು ನೀವೇ ಅಲ್ಲವಾ?"

ಮಲ್ಲಪ್ಪಣ್ಣ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡರು. "ಬಾಯಿ ಅದೆ ಕಣ್ಲಾ ನಿಂಗೆ. ಮಾಡ್ಕೋ ಓಗು" ಎಂದು ಹೊರಟೇಹೋದರು.

ಒಂದೂವರೆ ಗಂಟೆ ವಾದಿಸಿದ್ದೆವು. ಸೂತಕ ಇದೆಯೇ ಇಲ್ಲವೇ ಎಂಬುದನ್ನು ಎಲ್ಲ ಕಡೆಯಿಂದ ತಿರುಗಿಸಿ ಮುರುಗಿಸಿ ನೋಡಿದೆವು. ತಟ್ಟೆ ತೊಳೆದಿದೆಯೇ ಎಂದು ಇಬ್ಬರಲ್ಲಿ ಒಬ್ಬರೂ ಕೇಳಲಿಲ್ಲ. ಯಾವ ತಟ್ಟೆಯಾದರೂ ಬ್ಲೀಚಿಂಗ್ ನೀರಿನ ತೊಟ್ಟಿಯಲ್ಲಿ ಅದ್ದಿ, ಒಣಗಿಸಿ, ಆಮೇಲೇ ಒಳಗೆ ತರಬೇಕು ಎನ್ನುವುದು ನಮ್ಮ ಕೇಂದ್ರದ ನಿಯಮ. ಅದನ್ನು ನಡೆಸುತ್ತಿದ್ದವರು ರತ್ನಕ್ಕ. ಹೊತ್ತು ಮುಳುಗುತ್ತಿತ್ತು, ನಾನು ಗೆದ್ದ ಹುರುಪಿನಲ್ಲಿದ್ದೆ, ತಟ್ಟೆಗಳು ನೋಡಲು ಚೊಕ್ಕಟವಾಗಿದ್ದವು. ಒದ್ದೆ ಬಟ್ಟೆಯಲ್ಲಿ ಒರೆಸಿ ಒಳಗಿಟ್ಟೆ.

ಎಂಟನೇ ದಿನ. ಹುಳು ಎರಡನೇ ಜ್ವರಕ್ಕೆ ಕೂತಿದ್ದವು. ಮಾದೇವಮ್ಮನ ಊರೇ ಎಲ್ಲಕ್ಕಿಂತ ದೂರ ಎಂದು ಅವರ ಹುಳುವನ್ನು ಬೆಳಿಗ್ಗೆ ಆರಕ್ಕೇ ಟೆಂಪೋದಲ್ಲಿ ಕಳಿಸಿದೆವು. ಉಳಿದ ರೈತರ ಪಾಲು ಇನ್ನೂ ನಮ್ಮಲ್ಲೇ ಇತ್ತು. ಎಂಟು ಗಂಟೆಗೆ ರತ್ನಕ್ಕ ಒಳಗಿನಿಂದ ನನ್ನನ್ನು ಕರೆದರು. ಧ್ವನಿ ಏರಿರಲಿಲ್ಲ, ಅದಕ್ಕೇ ಹೆದರಿಕೆಯಾಯಿತು.

ತಟ್ಟೆಯ ಅಂಚಿನಲ್ಲಿ ಕೆಲವು ಹುಳು ಜ್ವರಕ್ಕೆ ಕೂರದೆ ಅಲೆಯುತ್ತಿದ್ದವು. ಮೈ ಉಬ್ಬಿ ಮಿರಮಿರ ಹೊಳೆಯುತ್ತಿತ್ತು. ರತ್ನಕ್ಕ ಒಂದನ್ನು ಸೂಜಿಯಿಂದ ಚುಚ್ಚಿದರು. ಹಾಲಿನಂಥ ನೀರು ಬಂತು.

"ಆಲುತೊಂಡೆ" ಎಂದರು.

ಹುಳು ಸಾಕುವವರಿಗೆ ಹಾಲುತೊಂಡೆ ರೋಗದ ಬಗ್ಗೆ ಹೇಳಬೇಕಿಲ್ಲ. ಹೊಸಬರಿಗೆ ಹೇಳುತ್ತೇನೆ. ಹತ್ತು ಹುಳುವಿನಲ್ಲಿ ಕಂಡರೆ ಸಾವಿರಕ್ಕೆ ಅಂಟಿರಬಹುದು, ಅಂಟದೆಯೂ ಇರಬಹುದು. ಅಂಟಿದ್ದರೆ ರೈತ ಹಗಲಿರುಳು ಸೊಪ್ಪು ಹಾಕಿ ಸಾಕಿ, ಇನ್ನೇನು ಗೂಡಿಗೆ ಏರಬೇಕು ಎನ್ನುವಾಗ ಹುಳು ಒಡೆದು ಸಾಯುತ್ತದೆ. ಅಷ್ಟರಲ್ಲಿ ಹುಳುಮನೆಗೂ ರೋಗ ಅಂಟಿರುತ್ತದೆ.

"ಸಿದ್ದಣ್ಣನ ತಟ್ಟೆ ಅದ್ದಿದ್ರಾ?" ರತ್ನಕ್ಕ ಕೇಳಿದರು.

ನಾನು, "ಅವು ಚೊಕ್ಕಟವಾಗಿ..." ಎಂದು ಶುರುಮಾಡಿದೆ. ಅವರು ನನ್ನ ಮಾತು ಮುಗಿಯುವ ಮೊದಲೇ ಸಿದ್ದಣ್ಣನಿಗೆ ಫೋನು ಹಚ್ಚಿ ಸ್ಪೀಕರ್ ಹಾಕಿದ್ದರು.

"ಎಲ್ಲಿ ತೊಳೆಯದು ಅಕ್ಕ? ಓದ್ಸಲ ಕಡೇಲಿ ಒಂದಷ್ಟು ಉಳ ಆಲುತೊಂಡೆ ಬಂದು ಓದೊ. ತೊಳೆಯವ ಅನ್ನೊಷ್ಟರಲ್ಲಿ ಅಪ್ಪ ಓಗ್ಬುಟ್ಟ. ಅದ್ದಿ ಆಕ್ಕೊಳ್ಳಿ ಅಂತ ನಿಮ್ ಕಿರಣಂಗೆ ಫೋನಲ್ಲೇ ಏಳಿದ್ನಲ್ಲ!"

ಹೇಳಿದ್ದ. ನೆನಪಾಯಿತು. ತಟ್ಟೆ ಕಳಿಸುವ ಮೊದಲೇ ಹೇಳಿದ್ದ, ನಾನು ಹೂಂ ಹೂಂ ಎಂದಿದ್ದೆ. ಆಮೇಲೆ ಸೂತಕದ ವಾದ ಬಂತು, ವಾದದಲ್ಲಿ ಅದು ಕೊಚ್ಚಿಹೋಯಿತು.

ಮಲ್ಲಪ್ಪಣ್ಣ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. "ನಾ ಏಳಿರ್ಲಿಲ್ವಾ ಸೂತ್ಕ ಅಂತ?"

ನನಗೆ ಮೈ ಉರಿದುಹೋಯಿತು. "ಸೂತಕ ಅಲ್ಲ ಅಣ್ಣ, ರೋಗ! ತೊಳೆದಿಲ್ಲ, ಬೇಡ ಅಂತ ನೀವು ಹೇಳಿದ್ದರೆ ನಾನೇ ತೊಳೀತಿದ್ದೆ!"

"ಯಾವ್ದೋ ಒಂದು. ಬ್ಯಾಡ ಅಂದಿದ್ದು ನಿಜ ತಾನೆ?"

ನಿಜವೇ. ಹೊಸಬರು ಗಮನಿಸಬೇಕಾದದ್ದು ಇದನ್ನೇ. ಅವರ ಕಾರಣ ತಪ್ಪು, ತೀರ್ಮಾನ ಸರಿ. ನಾನು ಕಾರಣವನ್ನು ಪುಡಿಮಾಡಿ, ಅದರ ಜೊತೆ ತೀರ್ಮಾನವನ್ನೂ ತಿಪ್ಪೆಗೆ ಎಸೆದಿದ್ದೆ. ಚರ್ಚಾಸ್ಪರ್ಧೆಯಲ್ಲಿ ಅದಕ್ಕೆ ಕಪ್ಪು ಕೊಡುತ್ತಾರೆ.

ಉಳಿದವರ ಹುಳುವನ್ನು ತಡೆಹಿಡಿಯುವುದಕ್ಕೆ ಮೂವರೂ ಒಪ್ಪಿದೆವು. ಮಾದೇವಮ್ಮನ ಹುಳು ಮಾತ್ರ ಕೈಬಿಟ್ಟುಹೋಗಿತ್ತು. ಸಂಜೆ ಹೊತ್ತಿಗೆ ಅವು ಜ್ವರ ಎದ್ದು ಸೊಪ್ಪು ಕೇಳುತ್ತವೆ. ಅಷ್ಟರೊಳಗೆ ಹೂತರೆ ಅವರ ಹೊಸ ಮನೆ ಉಳಿಯುತ್ತದೆ, ಬೆಳೆ ಹೋಗುತ್ತದೆ. ಹೂಳದಿದ್ದರೆ ಬೆಳೆ ಉಳಿಯಲೂಬಹುದು, ಎರಡೂ ಹೋಗಲೂಬಹುದು.

"ಏಳ್ಬೇಡಿ" ಎಂದರು ಮಲ್ಲಪ್ಪಣ್ಣ. "ಒಸ್ಬಳು, ಎದರ್ಕತಾಳೆ. ಊರೆಲ್ಲಾ ಸಾರ್ತಾಳೆ. ನಾಕು ಉಳ ಯಾರ್ ಮನೇಲಿ ಸಾಯಲ್ಲ? ಸುಮ್ಗಿದ್ರೆ ಅರ್ಧ ಬೆಳೆನಾದ್ರೂ ಬತ್ತದೆ."

"ಲ್ಯಾಬಿಗೆ ಕಳಿಸೋಣ, ನಾಳೆ ರಿಪೋರ್ಟು ಬರಲಿ" ಎಂದೆ ನಾನು. "ಅವರ ಪಾಲಿನ ಹುಳುವಿನಲ್ಲಿ ರೋಗ ಇದೆ ಅನ್ನೋದಕ್ಕೆ ಸಾಕ್ಷಿ ಏನಿದೆ? ಒಳ್ಳೇ ಹುಳುವನ್ನ ಹೂಳಿಸಿಬಿಟ್ಟರೆ?"

ವರ್ಷಗಟ್ಟಲೆ ಕಿತ್ತಾಡಿದ ನಾವಿಬ್ಬರು ಅವತ್ತು ಮೊದಲ ಸಲ ಒಂದೇ ಕಡೆ ನಿಂತಿದ್ದೆವು. ಎರಡಕ್ಕೆ ಒಂದು. ನಾನು ಕಾದಿದ್ದ ಬಹುಮತ ಅಂತೂ ಸಿಕ್ಕಿತ್ತು.

ರತ್ನಕ್ಕ ಕೈ ತೊಳೆದು ಸೆರಗಿಗೆ ಒರೆಸಿಕೊಂಡರು. "ನಾಳೆ ರಿಪೋಲ್ಟು ಬರೊಷ್ಟರಲ್ಲಿ ಉಳ ಎರಡು ಸಲ ಮೇದಿರ್ತವೆ. ನೀವು ಮಾತಾಡ್ಕತಾ ಇರಿ" ಎಂದು ಚಪ್ಪಲಿ ಮೆಟ್ಟಿ ಬಸ್ಸಿಗೆ ಹೊರಟರು.

ನಾವು ಮಾತಾಡಿಕೊಳ್ಳುತ್ತ ಇದ್ದೆವು. ಇನ್ನೂ ಒಂದು ಗಂಟೆ. ಪಾಲುದಾರರ ಒಪ್ಪಿಗೆಯಿಲ್ಲದೆ ಹೀಗೆ ಹೋಗುವುದು ಕರಾರಿಗೆ ವಿರುದ್ಧ ಎಂದು ಕೂಡ ನಾನು ಹೇಳಿದೆ. ಮಲ್ಲಪ್ಪಣ್ಣ ಹೌದು ಹೌದು ಎಂದು ತಲೆಯಾಡಿಸಿದರು. ಅವರು ನನ್ನ ಮಾತಿಗೆ ಹಾಗೆ ತಲೆಯಾಡಿಸಿದ್ದನ್ನು ನಾನು ಅದುವರೆಗೆ ನೋಡಿದ್ದೇ ಇರಲಿಲ್ಲ. ಅದನ್ನು ನೋಡಿದ ಮೇಲೆ ಅಲ್ಲಿ ಕೂರಲಾಗಲಿಲ್ಲ. ಬೈಕು ಹತ್ತಿದೆ.

ದಾರಿಯುದ್ದಕ್ಕೂ ಮಾದೇವಮ್ಮನಿಗೆ ಹೇಳಬೇಕಾದ್ದನ್ನು ಜೋಡಿಸಿಕೊಂಡೆ. ರೋಗದ ಲಕ್ಷಣ, ಹರಡುವ ಸಾಧ್ಯತೆ, ಆ ಕಡೆ ವಾದ, ಈ ಕಡೆ ವಾದ. ಅವರ ಊರು ಮುಟ್ಟಿದಾಗ ರತ್ನಕ್ಕ ಜಗಲಿಯ ಮೇಲೆ ನೀರು ಕುಡಿಯುತ್ತ ಕೂತಿದ್ದರು. ಹೇಳಿಯಾಗಿತ್ತು. ಮಾದೇವಮ್ಮ ಹುಳುಮನೆಯ ಬಾಗಿಲಲ್ಲಿ ನಿಂತಿದ್ದರು. ಹೊಸ ಸುಣ್ಣದ ಗೋಡೆ, ಬಾಗಿಲಿಗೆ ಹಸಿರು ಬಲೆ. ಪಕ್ಕದಲ್ಲಿ ಒದ್ದೆ ಗೋಣಿಯಡಿ, ಸಂಜೆಗೆಂದು ಕಿತ್ತಿಟ್ಟ ಎಳೆ ಸೊಪ್ಪು.

"ಬನ್ನಿ ಸಾ. ಈ ಅಕ್ಕ ಊತ್ಬುಡು ಅಂತದೆ. ನೀವ್ ಏನಂತೀರಿ?"

"ನೋಡಿ ಮಾದೇವಮ್ಮ, ಈಗ ಕಂಡಿರೋದು ಕೆಲವೇ ಹುಳದಲ್ಲಿ. ರಿಪೋರ್ಟು ನಾಳೆ ಬರುತ್ತೆ. ಖಚಿತವಾಗಿ ಹೇಳಬೇಕು ಅಂದರೆ..."

"ಖಚಿತ ಬ್ಯಾಡ. ಈ ಮನೆ ನಿಮ್ದು, ಉಳ ನಿಮ್ದು ಅಂದ್ಕಳಿ. ಏನ್ ಮಾಡ್ತಿದ್ರಿ?"

ದಾರಿಯಲ್ಲಿ ಜೋಡಿಸಿಕೊಂಡದ್ದರಲ್ಲಿ ಇದಕ್ಕೆ ಉತ್ತರವಿರಲಿಲ್ಲ.

"ಹೂಳ್ತಿದ್ದೆ" ಎಂದೆ. "ತಟ್ಟೆ ತೊಳೆದಿರಲಿಲ್ಲ. ತಪ್ಪು ನಂದು."

ಆಕೆ, "ಇಷ್ಟು ಏಳಕ್ಕೆ ಪೆಟ್ರೋಲ್ ಸುಟ್ಕಂಡು ಬರ್ಬೇಕಿತ್ತಾ? ಬೆಳಿಗ್ಗೇನೆ ಒಂದು ಫೋನ್ ಮಾಡಿದ್ರೆ ಸೊಪ್ಪಾದ್ರೂ ಗಿಡದಲ್ಲಿ ಇರದು" ಎಂದರು. ಗೋಡೆಗೆ ಒರಗಿಸಿದ್ದ ಗುದ್ದಲಿ ತೆಗೆದು ನನ್ನ ಕೈಗೇ ಕೊಟ್ಟರು.

ಹೊಲದ ಮೂಲೆಯಲ್ಲಿ ಗುಂಡಿ ತೆಗೆದೆ. ಸುಣ್ಣ ಹಾಕಿ, ಹುಳುವನ್ನು ಕಾಗದದ ಸಮೇತ ಇಳಿಸಿ ಮುಚ್ಚಿದೆವು. ಹುಳು ತಲೆಯೆತ್ತಿಕೊಂಡು ಅಲ್ಲಾಡದೆ ಕೂತಿದ್ದವು, ಇನ್ನೂ ಜ್ವರದಲ್ಲಿ. ಮಾದೇವಮ್ಮ ಗುಂಡಿಯ ಕಡೆ ನೋಡಲಿಲ್ಲ. ಎಳೆ ಸೊಪ್ಪನ್ನು ಹಸುವಿನ ಮುಂದೆ ಸುರಿಯುತ್ತಿದ್ದರು. ಅತ್ತೆ ಜಗಲಿಯಿಂದ ಏನೋ ಅಂದರು, ತಮಿಳಿನಲ್ಲಿ. ನನಗೆ ಅರ್ಥವಾಗಲಿಲ್ಲ. ಅರ್ಥ ಕೇಳಲಿಲ್ಲ.

ಮಾರನೇ ದಿನ ರಿಪೋರ್ಟು ಬಂತು. ಹಾಲುತೊಂಡೆಯೇ. ಉಳಿದವರ ಹುಳುವನ್ನೂ ಹೂತೆವು. ಮಲ್ಲಪ್ಪಣ್ಣ ಗೂಡಿನ ಮಾರುಕಟ್ಟೆಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ಸೂತಕದ ತಟ್ಟೆಯ ಕಥೆ ಹೇಳಿದರು. ಈಗ ಆ ಕಡೆಯ ಚಾಕಿಯವರು ಯಾರೂ ಸಾವಾದ ಮನೆಯಿಂದ ತಟ್ಟೆ ತರುವುದಿಲ್ಲವಂತೆ. ಬೇರೆ ಮನೆಯಿಂದ ತಂದದ್ದನ್ನು ತೊಳೆಯುತ್ತಾರೋ ಇಲ್ಲವೋ, ದೇವರೇ ಬಲ್ಲ. ತಪ್ಪು ನನ್ನದು, ಸಿದ್ದಣ್ಣನದಲ್ಲ ಎಂದು ನಾನು ಹೇಳಿದಲ್ಲೆಲ್ಲ ಜನ, "ಇರ್ಲಿ ಬುಡಿ ಸಾ" ಎಂದು ನನ್ನ ದೊಡ್ಡತನವನ್ನು ಮೆಚ್ಚಿ ಸೂತಕವನ್ನೇ ನಂಬಿದರು. ಇಂಥ ಜನರ ಜೊತೆ ವಾದಿಸಿ ನೋಡಿ ಒಮ್ಮೆ.

ಕೇಂದ್ರದಲ್ಲಿ ಒಂದು ಬದಲಾವಣೆಯಾಯಿತು. ಹುಳುವಿನ ವಿಷಯದಲ್ಲಿ ಇನ್ನು ಮೇಲೆ ಓಟು ಹಾಕುವುದಿಲ್ಲ, ತಟ್ಟೆ ಅದ್ದುವವರ ಮಾತೇ ಕೊನೆ ಎಂದು ರತ್ನಕ್ಕ ಹೇಳಿದರು. ಅದು ಪಾಲುದಾರಿಕೆಯ ತತ್ವಕ್ಕೆ ವಿರುದ್ಧ. ಹಾಗೆಂದು ಹೇಳಬೇಕೆಂದು ನಾಲಿಗೆಯ ತುದಿಗೆ ಬಂದಿತ್ತು. ಹೇಳಲಿಲ್ಲ. ಅದ್ದುವ ಕೆಲಸಕ್ಕೆ ನಾನೇ ಸೇರಿಕೊಂಡೆ.

ಮಾದೇವಮ್ಮ ಮತ್ತೆ ಬರುತ್ತಾರೆಂದು ನಾನು ಎಣಿಸಿರಲಿಲ್ಲ. ಸೊಪ್ಪು ಮತ್ತೆ ಚಿಗುರಿ ಬರುವ ಹೊತ್ತಿಗೆ ಒಂದು ಬೆಳಿಗ್ಗೆ ತಾವೇ ಟೆಂಪೋ ಮಾಡಿಕೊಂಡು ಮುಳ್ಳೂರಿಗೆ ಬಂದಿಳಿದರು. ಹುಳುವಿನ ಪೆಟ್ಟಿಗೆಗಳು ಹೊರಗೆ ಸಿದ್ಧವಾಗಿದ್ದವು. ಆಕೆ ಪೆಟ್ಟಿಗೆ ಮುಟ್ಟಲಿಲ್ಲ.

"ಈ ಸಲ ತಟ್ಟೆ ಯಾರ್ದು?"

"ನಮ್ಮವೇ."

"ತೊಳ್ದಿದ್ದು ಯಾರು?"

"ನಾನೇ." ಆಮೇಲೆ ಬ್ಲೀಚಿಂಗ್ ಪುಡಿ ಎಷ್ಟು, ನೀರೆಷ್ಟು, ಎಷ್ಟು ಹೊತ್ತು ಅದ್ದಿದ್ದು ಎಂದು ವಿವರಿಸತೊಡಗಿದೆ.

"ಮಾತು ಬ್ಯಾಡ ಸಾ. ಕೈ ತೋರ್ಸಿ."

ಎರಡೂ ಕೈ ಚಾಚಿದೆ. ಬೆರಳ ಸಂದಿಯೆಲ್ಲ ಬಿಳಚಿ ಬಿರುಕುಬಿಟ್ಟು, ಅಂಗೈ ಚರ್ಮ ಸಿಪ್ಪೆ ಏಳುತ್ತಿತ್ತು. ಆಕೆ ಹಿಂದೆ ಮುಂದೆ ತಿರುಗಿಸಿ ನೋಡಿದರು, ಸಂತೆಯಲ್ಲಿ ಬದನೆಕಾಯಿ ನೋಡುವ ಹಾಗೆ. ಆಮೇಲೆ ಕೈ ಬಿಟ್ಟು ಟೆಂಪೋದವನ ಕಡೆ ತಿರುಗಿದರು.

"ಏರ್ಸಪ್ಪ."